ಏಳನೇ ನಂಬರಿನ ಹಾಡು

ಆ ಮನೆಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಮೊದಲು ತಮ್ಮ ಕರೆದ; ಅವನ ಬಾಯಿಂದ ಅದು ಅಮ್ಮನ ಬಾಯಿಗೆ ಬಂತು, ಆಮೇಲೆ ಅಪ್ಪನಿಗೆ, ಕೊನೆಗೆ ಅಜ್ಜಿಗೂ ಅದೇ ರೂಢಿಯಾಯಿತು. ಹಲ್ಲೆಲ್ಲ ಉದುರಿದ ಅಜ್ಜಿ ಮೊಮ್ಮಗಳನ್ನು "ಅಕ್ಕಾ, ನನ್ನ ಕನ್ನಡಕ ನೋಡಿದ್ಯಾ?" ಎಂದು ಕೂಗುವಾಗ ಮನೆಗೆ ಹೊಸದಾಗಿ ಬಂದವರು ಪಿಳಿಪಿಳಿ ಕಣ್ಣು ಬಿಡುತ್ತಿದ್ದರು.

ಅಕ್ಕ ಬೆಳಗಿನ ಹೊತ್ತೆಲ್ಲ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂರುತ್ತಿದ್ದಳು. ಅದು ಹೊಟ್ಟೆಪಾಡು. ಅವಳ ಜೀವವಿದ್ದದ್ದು ಒಂದು ವಾರಪತ್ರಿಕೆಯ ಒಳಗಿನ ಅರ್ಧ ಪುಟದಲ್ಲಿ. ಹಿಂದೆ ಕಂಪನಿಯಿಲ್ಲ, ಮುಂದೆ ವೇದಿಕೆಯಿಲ್ಲ, ಗ್ಯಾರೇಜಿನಲ್ಲೋ ಹಾಸ್ಟೆಲ್ಲಿನ ಕೋಣೆಯಲ್ಲೋ ತಾವೇ ಹಾಡು ಕಟ್ಟಿ ತಾವೇ ಬಿಡುಗಡೆ ಮಾಡುವ ಹುಡುಗ ಹುಡುಗಿಯರಿದ್ದಾರಲ್ಲ, ಅಂಥವರ ಹೊಸ ಹಾಡುಗಳನ್ನೆಲ್ಲ ಜರಡಿ ಹಿಡಿದು, ಕೇಳಲೇಬೇಕಾದವನ್ನು ಆರಿಸಿ, ಯಾಕೆ ಕೇಳಬೇಕು ಎಂದು ಅವಳು ಪ್ರತಿ ಗುರುವಾರ ಬರೆಯುತ್ತಿದ್ದಳು. ಅವಳದೊಂದು ಹಟವಿತ್ತು. ಹಾಡಿನ ಜೊತೆ ಹೆಸರು ನೋಡಬಾರದು. ಸಂಪಾದಕರ ಕಚೇರಿಯಿಂದ ಹಾಡುಗಳು ಬರೀ ನಂಬರ್ ಹೊತ್ತು ಬರುತ್ತಿದ್ದವು. ಬರೆದು ಮುಗಿಸಿದ ಮೇಲೆ ಕಚೇರಿಯವರೇ ಹೆಸರು ಸೇರಿಸುತ್ತಿದ್ದರು.

"ಮುಖ ನೋಡಿದ್ರೆ ಕಿವಿ ಕುರುಡಾಗುತ್ತೆ," ಎನ್ನುತ್ತಿದ್ದಳು ಅಕ್ಕ.

"ಹಾಡು ಕೇಳಿದ್ರೆ ಮೂಗೂ ಕುರುಡಾಗುತ್ತೆ ಅಂತ ಕಾಣುತ್ತೆ," ಅಮ್ಮ ಹೊರಕೋಣೆಯಿಂದ ಕೂಗಿದಳು. "ಹಾಲು ಸೀದು ಬೀದಿಗೆಲ್ಲ ವಾಸನೆ ಬರ್ತಿದೆ. ಒಂದು ಕಿವಿನಾದ್ರೂ ಮನೆಗೆ ಬಿಡೇ!"

ಅಪ್ಪ ಲಿಫ್ಟ್ ರಿಪೇರಿಯವನು. ಊಟಕ್ಕೆ ಕೂತಾಗ ಅವನಿಗೆ ಮಗಳ ಕಾಲೆಳೆಯದಿದ್ದರೆ ಅನ್ನ ಇಳಿಯುತ್ತಿರಲಿಲ್ಲ. "ಸದ್ದು ಕೇಳಿ ಯಾವ ಗಾಲಿ ಸವೆದಿದೆ ಅಂತ ನಾನೂ ಹೇಳ್ತೀನಮ್ಮ. ನಿನ್ನ ಸಂಪಾದಕರಿಗೆ ಹೇಳಿ ನಂಗೂ ಅರ್ಧ ಪುಟ ಕೊಡ್ಸು."

"ನಿಮ್ಮ ಲಿಫ್ಟು ಹಾಡೋದಕ್ಕಿಂತ ನಿಲ್ಲೋದೇ ಜಾಸ್ತಿ ಅಪ್ಪ."

ಎಲ್ಲರೂ ನಗುತ್ತಿದ್ದರು, ತಮ್ಮನೊಬ್ಬನನ್ನು ಬಿಟ್ಟು. ಹುಟ್ಟಿದಾಗಿನಿಂದ ಗುಂಯ್‌ಗುಟ್ಟುತ್ತಲೇ ಇದ್ದನೆಂದು ಅಜ್ಜಿ ಅವನಿಗೆ ದುಂಬಿ ಎಂದು ಹೆಸರಿಟ್ಟಿದ್ದಳು. ಹಗಲು ಸಾಮಾನು ಸಾಗಿಸುವ ಕಂಪನಿಯ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ. ಸಂಜೆ, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ ಹಾಡು ಕಟ್ಟುವ ಕೆಲಸ. ಹಿಂದಿನ ವರ್ಷ ಅವನು ತನ್ನ ಹಾಡೊಂದನ್ನು ಊಟದ ಹೊತ್ತಿಗೆ ಎಲ್ಲರ ಮುಂದೆ ಹಾಕಿದ್ದ. ಅಪ್ಪ ತಾಳ ಹಾಕಿದ, ಅಮ್ಮ ತಲೆಯಾಡಿಸಿದಳು. ಅಕ್ಕ ಮಾತ್ರ ತಟ್ಟೆಯಿಂದ ಕಣ್ಣೆತ್ತದೆ, "ಇದು ಬೇರೆಯವರ ತಟ್ಟೆಯ ಎಂಜಲು ಕಣೋ. ನಿಂದೇನಿದೆ ಇದ್ರಲ್ಲಿ?" ಎಂದುಬಿಟ್ಟಿದ್ದಳು.

ದುಂಬಿಯ ಮುಖ ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿತ್ತು. "ನಿನ್ನ ಪೇಪರಲ್ಲಿ ಒಂದು ಸಾಲು ಬರೆದ್ರೆ ನಿನ್ನ ಗಂಟೇನು ಹೋಗುತ್ತೆ?"

"ನನ್ನ ಕೆಲಸ ಹೋಗುತ್ತೆ. ನನಗಿಂತ ಮುಂಚೆ ಬರೀತಿದ್ದವನು ಬಾಮೈದನ ಹಾಡು ಹೊಗಳಿ ಸಿಕ್ಕಿಬಿದ್ದ. ಅವತ್ತಿಂದ ನಮ್ಮಲ್ಲಿ ಕಟ್ಟುನಿಟ್ಟು. ಮನೆಯವರ ಹಾಡು ಬರೆದ್ರೆ ಅಂಕಣಕ್ಕೆ ಬೀಗ."

ಅಂದಿನಿಂದ ದುಂಬಿ ಮನೆಯಲ್ಲಿ ಹಾಡು ಹಾಕಿರಲಿಲ್ಲ. ಬೆಳಿಗ್ಗೆ ಡಬ್ಬಿ ಹಿಡಿದು ಹೋಗುವುದು, ಸಂಜೆ ಡಬ್ಬಿ ಹಿಡಿದು ಬರುವುದು, ಕಿವಿಗೆ ಹೆಡ್‌ಫೋನಿನ ಮುಚ್ಚಳ ಹಾಕಿಕೊಂಡು ಮೂಲೆ ಸೇರುವುದು. ಅಕ್ಕನ ಜೊತೆ ಮಾತು ಉಪ್ಪು, ನೀರು, ಬಾತ್‌ರೂಮ್ ಖಾಲಿಯಿದೆಯಾ ಎಂಬಲ್ಲಿಗೆ ಬಂದು ನಿಂತಿತ್ತು.

ಹೀಗಿರುವಾಗ ಒಂದು ವಾರ ಏಳನೇ ನಂಬರಿನ ಹಾಡು ಬಂತು.

ಅಕ್ಕ ಅದನ್ನು ಮೊದಲು ಕೇಳಿದ್ದು ಜೆರಾಕ್ಸ್ ಅಂಗಡಿಯಿಂದ ಬರುವ ಬಸ್ಸಿನಲ್ಲಿ. ಕೇಳುತ್ತ ಕೇಳುತ್ತ ಅವಳ ಸ್ಟಾಪು ಹಿಂದೆ ಹೋಯಿತು, ಅದರ ಮುಂದಿನದೂ ಹೋಯಿತು. ಬಿಸಿಲಲ್ಲಿ ನಡೆದು ಮನೆಗೆ ಬಂದವಳು ಇಯರ್‌ಫೋನ್ ತೆಗೆಯದೆಯೇ ಆಲೂಗಡ್ಡೆ ಸುಲಿಯುತ್ತ ಮತ್ತೆ ಕೇಳಿದಳು, ಬಟ್ಟೆ ಒಣಹಾಕುತ್ತ ಮತ್ತೆ. "ಏನೇ ಅದು, ಪ್ಯಾಂಟನ್ನ ತಲೆಕೆಳಗೆ ಮಾಡಿ ಕ್ಲಿಪ್ ಹಾಕ್ತಿದ್ದೀಯ? ಯಾರಾದ್ರೂ ಹುಡುಗ ಸಿಕ್ಕಿದ್ನಾ?" ಎಂದು ಅಜ್ಜಿ ಕೇಳಿದಳು. "ಅದಕ್ಕಿಂತ ದೊಡ್ಡದು ಸಿಕ್ಕಿದೆ ಅಜ್ಜಿ," ಎಂದಳು ಅಕ್ಕ.

ಆ ಗುರುವಾರ ಅವಳ ಅರ್ಧ ಪುಟದಲ್ಲಿ ಬೇರೆ ಹಾಡುಗಳಿಗೆ ಜಾಗವೇ ಇರಲಿಲ್ಲ. "ಈ ಹಾಡು ನನ್ನನ್ನು ಬಸ್ಸಿನಿಂದ ಇಳಿಯಲು ಬಿಡಲಿಲ್ಲ," ಎಂದು ಬರೆದಿದ್ದಳು. "ಹಳೆಯ ಹಳಿಯ ಮೇಲೆ ತೆವಳುವ ರೈಲಿನ ಸದ್ದು. ಅದರ ಮೇಲೆ ಒಬ್ಬ ಹೆಂಗಸಿನ ದಪ್ಪ, ನಿಧಾನದ ದನಿ. ಅವಳು ಹಾಡುವುದಿಲ್ಲ, ಗೊಣಗುತ್ತಾಳೆ. 'ಅವಳು ಹೊಟ್ಟೇಲಿ ಇರದಿದ್ರೆ ಅವತ್ತೇ ಬಸ್ ಹತ್ತಿಬಿಡ್ತಿದ್ದೆ' ಎನ್ನುತ್ತಾಳೆ. ಮತ್ತೆ ಮತ್ತೆ ಅದೇ ಮಾತು. ಏನನ್ನೂ ಮುಚ್ಚಿಡದ ಹಾಡು ಇದು. ಈ ವರ್ಷ ನನ್ನ ಕಿವಿಗೆ ಬಿದ್ದ ಅತ್ಯಂತ ನಿಜವಾದ ಮಾತು." ಹಾಡು ಕಟ್ಟಿದವರ ಹೆಸರು ತೂತು ಬಕೆಟ್ ಎಂದು ಕಚೇರಿಯವರು ಕೆಳಗೆ ಸೇರಿಸಿದ್ದರು. ಯಾರೋ ಕಾಲೇಜು ಹುಡುಗರ ಗುಂಪಿರಬೇಕು ಎಂದುಕೊಂಡಳು ಅಕ್ಕ.

ಹಾಡು ಊರಿಗೆ ಅಂಟಿಕೊಂಡಿತು. ಚಹಾದಂಗಡಿಯಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ, ಜೆರಾಕ್ಸ್ ಅಂಗಡಿಗೆ ಬರುವ ಹುಡುಗಿಯರ ಫೋನಿನಲ್ಲಿ. ಸಂಪಾದಕರು ಫೋನ್ ಮಾಡಿ, "ನಿನ್ನ ಕಿವಿಗೆ ವಿಮೆ ಮಾಡಿಸಬೇಕಮ್ಮ," ಎಂದರು. ಅಕ್ಕ ಒಂದು ವಾರ ನೆಲದ ಮೇಲೆ ಕಾಲಿಡದೆ ಓಡಾಡಿದಳು.

ಅಮ್ಮ ಮನೆಯ ಹೊರಕೋಣೆಯಲ್ಲೇ ಟೈಲರಿಂಗ್ ಮಾಡುತ್ತಿದ್ದಳು. ಶಾಲೆಯ ಯೂನಿಫಾರಂ, ಕಿಟಕಿಯ ಪರದೆ, ಉದ್ದವಾದ ಪ್ಯಾಂಟು ಗಿಡ್ಡ ಮಾಡುವುದು, ಬಿಗಿಯಾದ ಅಂಗಿ ಸಡಿಲ ಮಾಡುವುದು. ಒಬ್ಬಳೇ ಇದ್ದಾಗ ಅವಳು ಮಿಷನ್ನಿನ ಜೊತೆ ಮಾತಾಡುತ್ತಾಳೆಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಏನು ಮಾತಾಡುತ್ತಾಳೆಂಬುದು ಯಾರಿಗೂ ಗೊತ್ತಿರಲಿಲ್ಲ. ಯಾರಾದರೂ ಹೊಸ್ತಿಲಿಗೆ ಬಂದರೆ ಸಾಕು, ತುಟಿ ಹೊಲಿದುಕೊಳ್ಳುತ್ತಿತ್ತು, ಮಿಷನ್ನು ಮಾತ್ರ ಓಡುತ್ತಿತ್ತು.

ಆ ಮಂಗಳವಾರ ಆಸ್ಪತ್ರೆಯ ನರ್ಸಮ್ಮ ಬಿಳಿ ಕೋಟಿನ ಉದ್ದ ಕಡಿಮೆ ಮಾಡಿಸಲು ಬಂದಿದ್ದಳು. ಅಮ್ಮ ಬಾಯಲ್ಲಿ ಗುಂಡುಪಿನ್ನುಗಳನ್ನು ಕಚ್ಚಿಕೊಂಡು ಮೊಣಕಾಲೂರಿ ಕೋಟಿನ ಅಂಚು ಮಡಚುತ್ತಿದ್ದಳು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಕೂತು ಬೀನ್ಸ್ ಮುರಿಯುತ್ತಿದ್ದಳು. ನರ್ಸಮ್ಮನ ಫೋನು ರಿಂಗಾಯಿತು. ಅದೇ ಹಾಡು.

"ಅಯ್ಯಯ್ಯೋ! ಚುಚ್ಚಿಬಿಟ್ರಲ್ಲ ಟೈಲರಮ್ಮ!"

"ಕೈ ಜಾರ್ತು," ಅಮ್ಮ ಪಿನ್ನುಗಳನ್ನು ಅಂಗೈಗೆ ಉಗಿದುಕೊಂಡಳು. "ಏನದು, ಫೋನಲ್ಲಿ ಬಂದಿದ್ದು? ಇನ್ನೊಂದ್ಸಲ ಹಾಕಿ."

ನರ್ಸಮ್ಮ ಖುಷಿಯಿಂದ ಹಾಕಿದಳು. "ಚೆನ್ನಾಗಿದೆ ಅಲ್ವಾ? ನಮ್ಮ ವಾರ್ಡಲ್ಲೆಲ್ಲ ಇದೇ ಹುಚ್ಚು. ರೈಲಿನ ಸದ್ದು ಹಾಕಿದಾರೆ ಅಂತ ನಿಮ್ಮ ಮಗಳೇ ಅಲ್ವಾ ಪೇಪರಲ್ಲಿ ಬರೆದಿದ್ದು! ಪಾಪ, ಯಾರ ಮನೆ ಹೆಂಗಸೋ, ಎಷ್ಟು ನೊಂದಿದ್ದಾಳೋ."

"ನೊಂದಿದ್ದಾಳೆ ಅಂತ ನಿಮಗ್ಯಾರು ಹೇಳಿದ್ರು?" ಎಂದಳು ಅಮ್ಮ.

ನರ್ಸಮ್ಮ ಫೋನನ್ನು ಚೀಲಕ್ಕೆ ತುರುಕಿದಳು. ಅವಳು ಹೋದ ಮೇಲೆ ಅಮ್ಮ ಬೀದಿಬಾಗಿಲು ಹಾಕಿ ಚಿಲಕ ಎಳೆದಳು. ಹಗಲು ಹೊತ್ತಿನಲ್ಲಿ ಆ ಬಾಗಿಲು ಹಾಕಿದ್ದನ್ನು ಅಕ್ಕ ಕಂಡೇ ಇರಲಿಲ್ಲ.

"ಯಾವಾಗ ಕದ್ದೆ ಇದನ್ನ?"

"ಏನನ್ನಮ್ಮಾ?"

ಅಮ್ಮ ಮಿಷನ್ನಿನ ಮುಂದೆ ಕೂತಳು. ಕಾಲು ಕೆಳಗಿಟ್ಟು, ಬಲಗೈಯಿಂದ ಚಕ್ರವನ್ನು ಬಹಳ ನಿಧಾನವಾಗಿ ತಿರುಗಿಸಿದಳು. ಟಕ್, ಟಕ್, ಕಿರ್ರ್. ಟಕ್, ಟಕ್, ಕಿರ್ರ್. ಆ ಸದ್ದಿನ ಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು: "ಅವಳು ಹೊಟ್ಟೇಲಿ ಇರದಿದ್ರೆ ಅವತ್ತೇ ಬಸ್ ಹತ್ತಿಬಿಡ್ತಿದ್ದೆ."

ಅಕ್ಕನ ಮಡಿಲಿನ ಬೀನ್ಸೆಲ್ಲ ನೆಲಕ್ಕೆ ಚೆಲ್ಲಿತು.

"ರೈಲಂತೆ ರೈಲು!" ಅಮ್ಮನ ಕಣ್ಣು ಕೆಂಡವಾಗಿತ್ತು. "ಇಪ್ಪತ್ತು ವರ್ಷದಿಂದ ಇದೇ ಸದ್ದಲ್ಲಿ ನಿಂಗೆ ಅನ್ನ ಹಾಕಿದೀನಿ. ರೈಲಂತೆ!"

"ನಂಗೆ ಗೊತ್ತಿರ್ಲಿಲ್ಲ ಅಮ್ಮ. ದೇವ್ರಾಣೆಗೂ ಗೊತ್ತಿರ್ಲಿಲ್ಲ."

"ಹೆತ್ತ ತಾಯಿ ದನಿ ಗೊತ್ತಾಗ್ಲಿಲ್ಲ, ಊರಿಗೆಲ್ಲ ಬುದ್ಧಿ ಹೇಳೋ ಕಿವಿ!"

ಅಕ್ಕನಿಗೆ ಆಗ ಹೊಳೆಯಿತು. ಈ ಮನೆಯಲ್ಲಿ ಹಾಡು ಕಟ್ಟಬಲ್ಲವನು ಒಬ್ಬನೇ.

ಸಂಜೆ ದುಂಬಿ ಡಬ್ಬಿಯನ್ನು ಸಿಂಕಿಗೆ ಹಾಕುವಷ್ಟರಲ್ಲೇ ಅಕ್ಕ ಅವನ ತೋಳು ಹಿಡಿದಳು. "ತೂತು ಬಕೆಟ್ ನೀನೇನಾ?"

ಅವನ ಮುಖದಲ್ಲಿ ಮೊದಲು ಬಂದದ್ದು ನಗು. ಆ ನಗುವನ್ನು ಅಕ್ಕ ಎಷ್ಟೋ ದಿನ ಮರೆಯಲಿಲ್ಲ. "ಕೊನೆಗೂ ಗೊತ್ತಾಯ್ತಾ? ಎಂಜಲು ಅಂದಿದ್ಯಲ್ಲ. ಈಗ ವರ್ಷದ ಹಾಡು!" ಎಂದ. ಆಮೇಲೆ ಅಮ್ಮನ ಮುಖ ನೋಡಿದ. ನಗು ಅಲ್ಲೇ ಸತ್ತಿತು. "ನಂಗೆ ಬೇಕಾಗಿದ್ದು ಬರೀ ಮಿಷನ್ ಸದ್ದು ಅಮ್ಮ. ಬಟ್ಟೆ ರಾಶಿ ಕೆಳಗೆ ಫೋನಿಟ್ಟಿದ್ದೆ, ತಾಳಕ್ಕೆ ಅಂತ. ಆಮೇಲೆ ಕೇಳಿದ್ರೆ ನೀನು ಮಾತಾಡ್ತಿದ್ದೆ."

"ಮಾತಾಡ್ತಿದ್ದೆ. ನಿನ್ನ ಹತ್ರ ಅಲ್ಲ."

"ಎಲ್ಲಾ ನಿಧಾನ ಮಾಡಿ ದನಿ ಬದಲಾಯಿಸಿದೀನಿ. ಯಾರಿಗೂ ಗುರುತು ಸಿಗಲ್ಲ. ಅಕ್ಕಂಗೇ ಸಿಗ್ಲಿಲ್ಲ!"

ಊಟಕ್ಕೆ ಕೂತಾಗ ಅಪ್ಪ ಒಬ್ಬೊಬ್ಬರ ಮುಖವನ್ನೇ ನೋಡಿದ. "ಏನ್ರಪ್ಪ, ಯಾರು ಹೋದ್ರು?" ಅರ್ಧ ಕಿವುಡಿ ಎಂದು ಎಲ್ಲರೂ ನಂಬಿದ್ದ ಅಜ್ಜಿ ಅನ್ನ ಕಲಸುತ್ತ ಹೇಳಿದಳು, "ಅಕ್ಕ ಹೊಟ್ಟೇಲಿದ್ದಾಗ ನಿನ್ನ ಹೆಂಡ್ತಿ ಬಸ್ ಹತ್ತಿ ಹೋಗ್ಬೇಕು ಅಂತಿದ್ಲಂತೆ. ಇವನು ಅದನ್ನ ಹಾಡು ಮಾಡಿದಾನೆ. ಇವಳು ಪೇಪರಿಗೆ ಹಾಕಿದಾಳೆ."

ಅಪ್ಪನ ತುತ್ತು ಅರ್ಧ ದಾರಿಯಲ್ಲಿ ನಿಂತಿತು. "ಯಾವ ಬಸ್ಸು?"

"ಈಗ ಬಸ್ ನಂಬರ್ ಕೇಳ್ಕೊಂಡು ಏನ್ಮಾಡ್ತೀರಿ? ಹತ್ತೋಕಾ?" ಎಂದಳು ಅಮ್ಮ.

"ಅಲ್ವೇ, ನಾನೇನು ಮಾಡಿದ್ದೆ ನಿಂಗೆ?"

"ಏನೂ ಮಾಡಿರ್ಲಿಲ್ಲ. ಜ್ವರ ಬಂದು ಮಲಗಿದ್ರೆ ಒಂದು ಲೋಟ ನೀರು ಕೂಡ ಕೊಟ್ಟಿರ್ಲಿಲ್ಲ. ಏನೂ ಅಂದ್ರೆ ಏನೂ ಮಾಡಿರ್ಲಿಲ್ಲ."

"ಬ್ಯಾಗ್ ಕಟ್ಟಿದ್ಲು," ಅಜ್ಜಿ ಮಧ್ಯೆ ಬಾಯಿ ಹಾಕಿದಳು. "ಮಂಚದ ಕೆಳಗೆ ಇತ್ತು. ನಾನು ಗುಡಿಸುವಾಗ ನೋಡಿದ್ದೆ."

"ಅತ್ತೆ, ನೀವು ಊಟ ಮಾಡಿ."

ಅಪ್ಪ ಎದ್ದು ಕೈ ತೊಳೆದ. ತಟ್ಟೆಯಲ್ಲಿ ಅನ್ನ ಹಾಗೇ ಉಳಿಯಿತು. ಅಮ್ಮ ಅಕ್ಕನ ಕಡೆ ತಿರುಗಿದಳು. "ನೀನು ಬರೆದದ್ದನ್ನ ನೀನೇ ವಾಪಸ್ ತಗೋ. ಇವನು ಹಾಡು ತೆಗೀಲಿ. ಅಷ್ಟೇ ನಾನು ಕೇಳೋದು."

"ಯಾಕೆ ವಾಪಸ್ ಅಂತ ಕೇಳ್ತಾರಲ್ಲಮ್ಮ. ತಮ್ಮನ ಹಾಡು ಅಂತ ಗೊತ್ತಾದ್ರೆ ಅಂಕಣಾನೇ ಹೋಗುತ್ತೆ."

"ಓಹೋ. ನಿನ್ನ ಅರ್ಧ ಪುಟ ಅಷ್ಟು ದೊಡ್ಡದು." ಅಮ್ಮ ಪಾತ್ರೆ ಎತ್ತಿದಳು. ಅಂದಿನಿಂದ ಮಾತು ನಿಲ್ಲಿಸಿದಳು.

ಅಮ್ಮ ಮಾತು ನಿಲ್ಲಿಸಿದ ಮನೆ ಹೇಗಿರುತ್ತದೆಂದು ಅವರಿಗೆಲ್ಲ ಆಗಲೇ ಗೊತ್ತಾದದ್ದು. ಅಡುಗೆ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು, ತಟ್ಟೆಗೆ ಬೀಳುತ್ತಿತ್ತು. ಇನ್ನೂ ಹಾಕಲಾ ಎಂದು ಕೇಳುವವರಿಲ್ಲ. ಮಿಷನ್ನು ಓಡುತ್ತಿತ್ತು, ಅದರ ಜೊತೆಗಿನ ಗೊಣಗಾಟ ಇಲ್ಲ. ಬಟ್ಟೆಯ ರಾಶಿಯನ್ನು ಮುಟ್ಟುವ ಮುಂಚೆ ಅಮ್ಮ ಒಂದೊಂದನ್ನೂ ಕೊಡವಿ ನೋಡುತ್ತಿದ್ದಳು. ಅಪ್ಪ ಯಾರೂ ಹೇಳದೆ ತನ್ನ ತಟ್ಟೆ ತಾನೇ ತೊಳೆಯತೊಡಗಿದ, ಸೋಪಿನ ನೊರೆಯನ್ನು ಅರ್ಧಂಬರ್ಧ ಬಿಟ್ಟು. ಅಮ್ಮ ಅದನ್ನು ಸದ್ದಿಲ್ಲದೆ ಇನ್ನೊಮ್ಮೆ ತೊಳೆದಿಡುತ್ತಿದ್ದಳು. ಒಂದು ಬೆಳಿಗ್ಗೆ ಅವನು ಒಂದು ಲೋಟ ನೀರು ತಂದು ಮಿಷನ್ನಿನ ಪಕ್ಕದಲ್ಲಿಟ್ಟ. ಸಂಜೆಯವರೆಗೂ ಅದು ಅಲ್ಲೇ ಇತ್ತು. ಕೊನೆಗೆ ಅಜ್ಜಿ ಕುಡಿದಳು.

ಅಕ್ಕನಿಗೆ ಅಮ್ಮನನ್ನು ಕೇಳಬೇಕಾದ ಪ್ರಶ್ನೆಯೊಂದಿತ್ತು. ಹೊರಕೋಣೆಯ ಹೊಸ್ತಿಲವರೆಗೆ ಹೋಗಿ ಹೋಗಿ ವಾಪಸ್ ಬರುತ್ತಿದ್ದಳು. ಹೊಸ ಹಾಡುಗಳು ಬರುತ್ತಲೇ ಇದ್ದವು; ಅವಳು ಕೇಳುತ್ತಿದ್ದಳು, ಯಾವುದೂ ಒಳಗಿಳಿಯುತ್ತಿರಲಿಲ್ಲ. ಪ್ರತಿ ಹಾಡಿನಲ್ಲೂ ಯಾರ ಮನೆಯ ಬಾಗಿಲು, ಯಾರ ಅಮ್ಮನ ಕೆಮ್ಮು ಎಂದು ಹುಡುಕುವಂತಾಗಿತ್ತು.

ಒಂದು ಭಾನುವಾರ ಬಟ್ಟೆ ಒಣಹಾಕುವಾಗ ಅವಳು ತಮ್ಮನನ್ನು ಹಿಡಿದಳು. "ಹಾಡು ಯಾವಾಗ ತೆಗೀತೀಯ?"

"ಮುಂದಿನ ತಿಂಗಳು ದೊಡ್ಡ ಹಾಲ್‌ನಲ್ಲಿ ಹಾಡೋಕೆ ಕರೆದಿದಾರೆ. ಅದಾದ ಮೇಲೆ."

"ಅಮ್ಮ ಮಾತು ಬಿಟ್ಟಿದಾಳೆ, ಕಾಣಲ್ವಾ ನಿಂಗೆ?"

"ನಿಂಗೆ ಮಾತ್ರ ಕಾಣುತ್ತಾ? ಹಂಗಾದ್ರೆ ನೀನು ಬರಿ ಹೋಗು, 'ಇವನು ನನ್ನ ತಮ್ಮ, ನಾನು ಕಿವುಡಿ' ಅಂತ. ಬರೀಯಲ್ಲ. ನಿಂಗೆ ಅಂಕಣ ಬೇಕು, ನಂಗೆ ಹಾಲ್ ಬೇಕು. ಅಷ್ಟೇ ವ್ಯತ್ಯಾಸ." ಒದ್ದೆ ಟವೆಲನ್ನು ತಂತಿಗೆ ಎಸೆದು ಹೋದ.

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ಅವಳಿಗೆ ಉರಿ ಹತ್ತಿಸಿದ್ದು.

ಮರುದಿನ ಸಂಪಾದಕರು ಕಚೇರಿಗೆ ಕರೆಸಿದರು. ಪೆನ್ನಿನ ಮುಚ್ಚಳ ಕಚ್ಚುವ ಅಭ್ಯಾಸದವರು. ಮೇಜಿನ ಮೇಲಿನ ಪೆನ್ನುಗಳಿಗೆಲ್ಲ ಹಲ್ಲಿನ ಗುರುತು. "ಆ ಹೆಂಗಸನ್ನ ಹುಡುಕಮ್ಮ. ಹಾಡಿದವರು ಹಾಳಾಗ್ಲಿ, ಜನ ಕೇಳ್ತಿರೋದು ಅವಳು ಯಾರು ಅಂತ. ಎರಡು ಮಾತಾಡ್ಸು. ಪೂರ್ತಿ ಪುಟ ಕೊಡ್ತೀನಿ."

"ಅವರಿಗೆ ಇಷ್ಟ ಇಲ್ದೇ ಇದ್ರೆ ಸಾರ್?"

"ಇಷ್ಟ ಇಲ್ದೇ ಯಾರಾದ್ರೂ ಮೈಕಿನ ಮುಂದೆ ಬಾಯಿ ಬಿಡ್ತಾರಾ?"

ಅಕ್ಕ ಮೇಜಿನ ಅಂಚು ಹಿಡಿದು ಕೂತಿದ್ದಳು. ಆ ಕ್ಷಣ ಹೇಳಿಬಿಡಬಹುದಿತ್ತು. ಹೇಳಲಿಲ್ಲ. "ನೋಡ್ತೀನಿ ಸಾರ್," ಎಂದು ಎದ್ದು ಬಂದಳು.

ಮನೆಗೆ ಬಂದರೆ ಅಮ್ಮ ಎಲ್ಲರ ತಟ್ಟೆ ಹಾಕಿ ತಾನೂ ಕೂತಿದ್ದಳು. ಎಲ್ಲರೂ ಉಂಡ ಮೇಲೆ ಉಣ್ಣುವವಳು ಅಂದು ಮೊದಲೇ ಕೂತಿದ್ದು ಕಂಡು ಯಾರ ಕೈಯೂ ತಟ್ಟೆಗೆ ಹೋಗಲಿಲ್ಲ.

"ಹಾಡು ಹಾಕೋ," ಎಂದಳು. ಎಷ್ಟೋ ದಿನದ ಮೇಲೆ ಕೇಳಿದ ದನಿ. "ನಾನು ಪೂರ್ತಿ ಕೇಳೇ ಇಲ್ಲ. ಹಾಕು."

ದುಂಬಿ ಫೋನನ್ನು ಅನ್ನದ ಪಾತ್ರೆಗೆ ಒರಗಿಸಿಟ್ಟ. ಹಾಡು ಶುರುವಾಯಿತು, ನಡೆಯಿತು, ಮುಗಿಯಿತು. ಅಮ್ಮ ಅಷ್ಟು ಹೊತ್ತೂ ಕಣ್ಣು ಮುಚ್ಚಿದ್ದಳು.

"ಅರ್ಧ ಕತ್ತರಿಸಿದೀಯ," ಎಂದಳು.

"ಹಾಡು ಅಂದ್ರೆ ಹಾಗೇ ಅಮ್ಮ. ಎಲ್ಲಾ ಹಾಕೋಕಾಗಲ್ಲ."

"ಬಟ್ಟೆ ಕತ್ತರಿಸೋದು ನಂಗೂ ಗೊತ್ತು. ಎಲ್ಲಿ ಕತ್ತರಿಸಿದೀಯ ಅಂತ ಕೇಳ್ತಿದೀನಿ. ಬಸ್ ಹತ್ತಿಬಿಡ್ತಿದ್ದೆ ಅಂದ್ಮೇಲೆ ನಾನು ಸುಮ್ನಾಗ್ಲಿಲ್ಲ. ಮೊದಲು ತುಂಬಿಕೊಂಡ್ಯಲ್ಲ ಫೋನಲ್ಲಿ, ಅದನ್ನ ಹಾಕು."

"ಅದನ್ನ ಅಳಿಸಿಬಿಟ್ಟೆ."

"ಸುಳ್ಳು," ಎಂದಳು ಅಕ್ಕ. "ನೀನು ಯಾವುದನ್ನೂ ಅಳ್ಸಲ್ಲ."

"ನಿಂಗ್ಯಾಕೆ ಮಧ್ಯೆ?"

"ಹಾಕೋ," ಎಂದ ಅಪ್ಪ.

ದುಂಬಿ ತಲೆ ಎತ್ತದೆ ಫೋನನ್ನು ಕೈಗೆ ತೆಗೆದುಕೊಂಡ. ಈ ಸಲ ಸದ್ದು ವೇಗವಾಗಿತ್ತು, ಗಲಿಬಿಲಿಯಾಗಿತ್ತು. ಅಮ್ಮನ ದನಿ ಅಮ್ಮನ ದನಿಯೇ ಆಗಿತ್ತು. ನೂಲು ತುಂಡಾದದ್ದಕ್ಕೆ ಬೈಗುಳ, ಅತ್ತೆ ಕನ್ನಡಕ ಕಳೆದದ್ದಕ್ಕೆ ಬೈಗುಳ, ಚಹಾ ಲೋಟವನ್ನು ಹೊಲಿದ ಬಟ್ಟೆಯ ಮೇಲಿಡುವ ಗಂಡನಿಗೆ ಇನ್ನೂ ಗಟ್ಟಿ ಬೈಗುಳ. ಆಮೇಲೆ ಆ ಮಾತು. "ಅವಳು ಹೊಟ್ಟೇಲಿ ಇರದಿದ್ರೆ ಅವತ್ತೇ ಬಸ್ ಹತ್ತಿಬಿಡ್ತಿದ್ದೆ." ಮಿಷನ್ನು ನಿಲ್ಲಲಿಲ್ಲ, ದನಿಯೂ ನಿಲ್ಲಲಿಲ್ಲ. "ಹತ್ತಿ ಎಲ್ಲಿಗೆ ಹೋಗ್ತಿದ್ದೆ? ಈ ದುಂಬಿ ಹಾಗೆ ಊರೆಲ್ಲ ಸುತ್ತಿ ಸಂಜೆಗೆ ವಾಪಸ್ ಬರ್ತಿದ್ದೆ. ಕೆಲಸದಿಂದ ತೆಗೆದುಹಾಕಿ ಎಷ್ಟು ದಿನ ಆಯ್ತೋ, ಬಾಯಿ ಬಿಟ್ಟು ಹೇಳಲ್ಲ. ದಿನಾ ಡಬ್ಬಿ ಹಿಡ್ಕೊಂಡು ಹೋಗಿ ಪಾರ್ಕಲ್ಲಿ ಕೂತ್ಕೋತಾನೆ. ನಾನೂ ಕೇಳಲ್ಲ. ದಿನಾ ಡಬ್ಬಿ ಕಟ್ಟಿಕೊಡ್ತೀನಿ. ಸುಳ್ಳಿಗೆ ಡಬ್ಬಿ ಕಟ್ಟೋ ತಾಯಿ ನಾನೊಬ್ಳೇ ಇರ್ಬೇಕು..."

ದುಂಬಿ ನಿಲ್ಲಿಸಿದ.

ಅಪ್ಪ ಮಗನನ್ನೇ ನೋಡುತ್ತಿದ್ದ. "ಕೆಲಸ ಇಲ್ವಾ ನಿಂಗೆ?"

"ಮಿಷನ್ ತಂದ್ರು ಅಪ್ಪ, ಪೆಟ್ಟಿಗೆ ಎತ್ತೋಕೆ. ನಮ್ಮನ್ನೆಲ್ಲ ಬಿಟ್ಟುಬಿಟ್ರು. ಹೇಳ್ಬೇಕು ಅಂತಾನೇ ಇದ್ದೆ..."

"ನಿನ್ನದನ್ನ ಕತ್ತರಿಸಿ ನನ್ನದನ್ನ ಊರಿಗೆ ಹಾಕಿದೆ," ಎಂದಳು ಅಕ್ಕ. ಕಿರುಚಲಿಲ್ಲ. "ಒಂದೇ ಉಸಿರಲ್ಲಿ ಹೇಳಿದ ಮಾತು. ನಾನು ಹೊಟ್ಟೇಲಿದ್ದದ್ದು ಇರ್ಲಿ, ನೀನು ಪಾರ್ಕಲ್ಲಿ ಕೂತದ್ದು ಬೇಡ. ಅಲ್ವಾ?"

"ನೀನೂ ಓದಿಕೊಂಡು ಕುಣಿದ್ಯಲ್ಲ," ಎಂದಳು ಅಮ್ಮ ಅವಳಿಗೆ. "ಏನನ್ನೂ ಮುಚ್ಚಿಡದ ಹಾಡಂತೆ."

ದುಂಬಿ ಮುಂಗೈಯಿಂದ ಮೂಗೊರೆಸಿಕೊಂಡ. ತಟ್ಟೆಯ ಮುಂದೆ ಕೂತೇ ಫೋನಿನಲ್ಲಿ ಏನೇನೋ ಒತ್ತಿದ. "ತೆಗ್ದೆ," ಎಂದ. "ಎಲ್ಲಾ ಕಡೆಯಿಂದ ತೆಗ್ದೆ." ಅಪ್ಪ ಅವನ ತಟ್ಟೆಗೆ ಒಂದು ಮೊಟ್ಟೆ ಹಾಕಿ, "ಉಣ್ಣು. ನಾಳೆ ನನ್ನ ಜೊತೆ ಬಾ. ಲಿಫ್ಟಿಗೆ ಗ್ರೀಸ್ ಹಚ್ಚೋಕಾದ್ರೂ ಬರುತ್ತಾ ನೋಡೋಣ," ಎಂದ. ದನಿಯಲ್ಲಿ ಕೋಪವೇ ಇತ್ತು.

ಮರುದಿನ ಬೆಳಿಗ್ಗೆ ಅಪ್ಪ ಮಗ ಹೋದ ಮೇಲೆ ಅಕ್ಕ ಜೆರಾಕ್ಸ್ ಅಂಗಡಿಗೆ ರಜೆ ಹೇಳಿ ಹೊರಕೋಣೆಯಲ್ಲಿ ಬಟ್ಟೆಗಳ ಮಧ್ಯೆ ಲ್ಯಾಪ್‌ಟಾಪು ಇಟ್ಟುಕೊಂಡು ಕೂತಳು. ಅಮ್ಮ ಶಾಲೆಯ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದಳು. ಆ ಹೆಂಗಸನ್ನು ಹುಡುಕು ಎಂದು ಸಂಪಾದಕರು ಹೇಳಿದ್ದನ್ನು ಅಕ್ಕ ತಿಳಿಸಿದಳು; ಅಮ್ಮ ಗುಂಡಿ ಹಚ್ಚುತ್ತಲೇ ಕೇಳಿಸಿಕೊಂಡಳು.

"ಅಮ್ಮ," ಎಂದಳು ಅಕ್ಕ ಕೊನೆಗೆ. "ನಾನು ಇರದಿದ್ರೆ ನಿಜವಾಗ್ಲೂ ಹೋಗ್ತಿದ್ಯಾ?"

"ಹೋಗ್ತಿದ್ದೆ."

"ನನ್ನ ಮೇಲೆ ಸಿಟ್ಟಿತ್ತಾ?"

"ಇತ್ತು." ಅಮ್ಮ ದಾರವನ್ನು ಹಲ್ಲಿನಿಂದ ಕಡಿದಳು. "ನೀನು ಹುಟ್ಟಿದ ಮೇಲೂ ಇತ್ತು. ಒಂದಷ್ಟು ದಿನ ನಿನ್ನ ಮುಖಾನೇ ನೋಡ್ತಿರ್ಲಿಲ್ಲ. ಆಮೇಲೆ ನಿಂಗೆ ಭೇದಿ ಶುರುವಾಯ್ತು. ಸಿಟ್ಟು ಮಾಡ್ಕೊಳ್ಳೋಕೆ ಪುರುಸೊತ್ತೇ ಸಿಗ್ಲಿಲ್ಲ."

ಅಕ್ಕನಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಅಮ್ಮ ಎರಡಕ್ಕೂ ತಲೆಯೆತ್ತಲಿಲ್ಲ. "ಏನು ಬರೀತಿದೀಯ? ಓದು."

ಅಕ್ಕ ಓದಿದಳು. "ನಾನು ಹೊಗಳಿದ ಏಳನೇ ನಂಬರಿನ ಹಾಡು ಕದ್ದ ಹಾಡು. ಒಬ್ಬ ಹೆಂಗಸು ತನ್ನಷ್ಟಕ್ಕೆ ಆಡಿಕೊಂಡ ಮಾತನ್ನು ಅವಳನ್ನು ಕೇಳದೆ ತೆಗೆದುಕೊಳ್ಳಲಾಗಿದೆ. ಅದರಲ್ಲೂ ತಮಗೆ ಬೇಕಾದಷ್ಟನ್ನು ಇಟ್ಟು ಬೇಡದ್ದನ್ನು ಕತ್ತರಿಸಲಾಗಿದೆ. ಏನನ್ನೂ ಮುಚ್ಚಿಡದ ಹಾಡು ಎಂದು ನಾನು ಬರೆದದ್ದು ತಪ್ಪು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಆ ಹೆಂಗಸಿನ ಕ್ಷಮೆ ಕೇಳುತ್ತೇನೆ."

ಅಮ್ಮ ಗುಂಡಿ ಹಚ್ಚುವುದನ್ನು ನಿಲ್ಲಿಸಿದಳು. "ಯಾರದು ಒಬ್ಬ ಹೆಂಗಸು?"

"ನೀನೇ ಅಮ್ಮ. ಯಾರಿಗೂ ಗೊತ್ತಾಗ್ಬಾರ್ದು ಅಂತ..."

"ನರ್ಸಮ್ಮ ಪಾಪ ಅಂದ್ಲು. ನಿನ್ನ ಸಂಪಾದಕರು ಹುಡುಕು ಅಂತಾರೆ. ಎಲ್ರ ಬಾಯಲ್ಲೂ ನಾನು ಒಬ್ಬ ಹೆಂಗಸು. ಈಗ ನೀನೂ ಒಬ್ಬ ಹೆಂಗಸು ಅಂತೀಯ. ಹೆಸರಿಲ್ವಾ ನಂಗೆ?"

"ಹೆಸರು ಹಾಕಿದ್ರೆ ಊರಿಗೆಲ್ಲ ಗೊತ್ತಾಗುತ್ತೆ ಅಮ್ಮ."

"ಗೊತ್ತಾಗ್ಲಿ. ಬಸ್ ಹತ್ತಬೇಕು ಅಂತ ಅಂದ್ಕೊಂಡಿದ್ದೆ. ಹತ್ಲಿಲ್ಲ. ಎರಡೂ ನನ್ನದೇ. ಕದ್ದವರಿಗೆ ನಾಚಿಕೆ ಆಗ್ಬೇಕು, ನಂಗ್ಯಾಕೆ?"

ಅಕ್ಕ ಪರದೆಯ ಮೇಲೆ ಮಿಣುಕುವ ಗೆರೆಯನ್ನು ನೋಡುತ್ತ ಕೂತಳು. ಒಬ್ಬ ಹೆಂಗಸು ಎಂದು ಬಿಟ್ಟರೆ ಅರ್ಧ ಪುಟ ಉಳಿಯುತ್ತದೆ. ಸಂಪಾದಕರು ನಾಲ್ಕು ದಿನ ಕೂಗಾಡಿ ಸುಮ್ಮನಾಗುತ್ತಾರೆ. ಮುಂದಿನ ಗುರುವಾರ ಹೊಸ ನಂಬರುಗಳು ಬರುತ್ತವೆ. ಹೆಸರು ಹಾಕಿದ ಕ್ಷಣ ಅವಳು ಯಾರ ಮಗಳು, ಯಾರ ಅಕ್ಕ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

"ಅಮ್ಮ, ಹೆಸರು ಹಾಕಿದ್ರೆ ಅಂಕಣ ಹೋಗುತ್ತೆ."

"ಗೊತ್ತು. ಅದಕ್ಕೇ ಕೇಳ್ತಿದೀನಿ," ಎಂದಳು ಅಮ್ಮ. ಅವಳ ದನಿಯಲ್ಲಿ ಬೆದರಿಕೆ ಇರಲಿಲ್ಲ, ಬೇಡಿಕೊಳ್ಳುವುದೂ ಇರಲಿಲ್ಲ.

ಅಕ್ಕ "ಒಬ್ಬ ಹೆಂಗಸು" ಎಂಬುದನ್ನು ಅಳಿಸಿದಳು. ಅಲ್ಲಿ ಅಮ್ಮನ ಹೆಸರನ್ನು ಬರೆದಳು, "ನನ್ನ ತಾಯಿ" ಎಂದು ಸೇರಿಸಿದಳು. ಹೆಸರಿನ ಹಿಂದೆ ಅಭ್ಯಾಸಬಲದಿಂದ ಅಪ್ಪನ ಹೆಸರೂ ಬಂದಿತ್ತು. ಅಮ್ಮ ಎದ್ದು ಬಂದು ಬಗ್ಗಿ ನೋಡಿ, ಸೂಜಿ ಹಿಡಿದ ಕೈಯಿಂದಲೇ ಪರದೆಯ ಮೇಲೆ ತೋರಿಸಿದಳು.

"ಇದು ಬೇಡ. ಮಾತಾಡಿದ್ದು ನಾನು."

ಅಕ್ಕ ಅದನ್ನೂ ಅಳಿಸಿ ಕಳಿಸಿಬಿಟ್ಟಳು.

ಸಂಪಾದಕರ ಫೋನು ಬರುವ ಹೊತ್ತಿಗೆ ಅಮ್ಮ ಅಂಗಿಗಳ ಇನ್ನೊಂದು ಕಟ್ಟು ಬಿಚ್ಚಿದ್ದಳು. ಫೋನು ಬಟ್ಟೆಗಳ ಮೇಲೆ ಗುರ್ರೆನ್ನುತ್ತ ಇಂಚಿಂಚಾಗಿ ಸರಿಯುತ್ತಿತ್ತು. ಅಕ್ಕ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಳು.

"ತಗೋ," ಎಂದಳು ಅಮ್ಮ. "ತಗೊಂಡು ಮಾತಾಡು. ನಾನು ಇಲ್ಲೇ ಇದೀನಿ."